ಅವರೆಕಾಯಿ ರಾಶಿಯ ಸುತ್ತ ಆ ಮಾತು

ಕೋಲಾರ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ನಡೆಯುವ ಕೇಂದ್ರದಲ್ಲಿ, ನಾನು ಆಪ್ತಸಮಾಲೋಚಕಿ. ಕಾಂಡೋಮ್ ಎಂಬ ಪದವನ್ನು ದಿನಕ್ಕೆ ಇಪ್ಪತ್ತು ಸಲ ಎದುರಿಗಿರುವವರ ಮುಖ ನೋಡಿಯೇ ಹೇಳುತ್ತೇನೆ. ಮನೆಯಲ್ಲಿ ಮಾತ್ರ ಆರು ವರ್ಷ ಅದು ಬಾಯಿಂದ ಹೊರಬಿದ್ದಿರಲಿಲ್ಲ. ನೆಂಟರು ಕೇಳಿದರೆ "ಆಸ್ಪತ್ರೆಯಲ್ಲಿ ಕೆಲಸ" ಎಂದು ಮಾತು ತೇಲಿಸುತ್ತಿದ್ದೆ.

ಒಮ್ಮೆ ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದ ಜಾಥಾ ಮುಗಿಸಿ ಬಂದವಳು ಅದೇ ಉತ್ಸಾಹದಲ್ಲಿ ನಡುಮನೆಯಲ್ಲಿ ಚಿತ್ರಪಟ ಬಿಚ್ಚಿದೆ. ಅತ್ತಿಗೆ ಮಕ್ಕಳನ್ನು ಒಳಗೆ ಕಳಿಸಿದರು. ಅಣ್ಣ ಟಿವಿಯ ಸದ್ದು ಹೆಚ್ಚಿಸಿದ. ತಪ್ಪು ನನ್ನದೇ, ಮನೆಯವರನ್ನು ಸಭಿಕರ ಹಾಗೆ ಕೂರಿಸಿ ಭಾಷಣ ಮಾಡಿದರೆ ಯಾರು ಕೇಳುತ್ತಾರೆ?

ಮರುವರ್ಷ ಅವರೆಕಾಯಿ ಕಾಲದಲ್ಲಿ ದಾರಿ ತಾನಾಗಿ ಸಿಕ್ಕಿತು. ಬಿಡಿಸಿ ನೆನೆಹಾಕಿದ್ದ ಕಾಳಿನ ಪಾತ್ರೆಯ ಸುತ್ತ ಏಳು ಮಂದಿ ಕುಳಿತು ಹಿದುಕುತ್ತಿದ್ದೆವು. ಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಕಣ್ಣೆಲ್ಲ ಕಾಳಿನ ಮೇಲೆ; ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ.

"ಇವತ್ತು ನಾನೂ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡೆ" ಎಂದೆ.

"ನಿನಗೆ ಯಾಕಮ್ಮ ಅದು?" ದೊಡ್ಡಮ್ಮನಿಗೆ ಗಾಬರಿ.

"ಬೇರೆಯವರಿಗೆ ಮಾಡಿಸಿ ಎನ್ನುತ್ತೇನಲ್ಲ, ನನಗೇಕೆ ಬೇಡ?"

ಪಿಯುಸಿ ಓದುವ ಅಣ್ಣನ ಮಗ ಸೊಳ್ಳೆಯಿಂದ ಬರುವುದಿಲ್ಲವೇ ಎಂದ. ವೈರಾಣು ಸೊಳ್ಳೆಯೊಳಗೆ ಬೆಳೆಯುವುದಿಲ್ಲ ಎಂದು ಹೇಳಬಹುದಿತ್ತು, ಅದು ನಿಜವೂ ಹೌದು. ಆದರೆ ಅನುಭವದಲ್ಲಿ ನಾಟುವ ಉತ್ತರ ಬೇರೆ: "ಸೊಳ್ಳೆ ವಯಸ್ಸು ನೋಡಿ ಕಚ್ಚುತ್ತದೆಯೇ? ಅದರಿಂದ ಹರಡುವುದಾಗಿದ್ದರೆ ಊರಿನ ಶಾಲೆಯ ಮಕ್ಕಳಿಗೆಲ್ಲ ಬಂದಿರಬೇಕಿತ್ತಲ್ಲ." ರಕ್ತ, ಅಸುರಕ್ಷಿತ ಲೈಂಗಿಕ ಸಂಪರ್ಕ, ಸೂಜಿ, ತಾಯಿಯಿಂದ ಮಗುವಿಗೆ ಎಂದೆ. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ ಎಂದೂ ಸೇರಿಸಿದೆ.

ದೊಡ್ಡಮ್ಮನ ಕೈ ನಿಂತಿತು.

ನಮ್ಮ ಮಾವ ಕೋಲಾರದ ಮಂಡಿಯಿಂದ ಟೊಮೆಟೊ ಲಾರಿ ಓಡಿಸುತ್ತಿದ್ದರು. ತೀರಿಕೊಂಡದ್ದು 2002ರಲ್ಲಿ. ಊರಿಗೆಲ್ಲ ಟಿಬಿ ಎಂದೇ ಹೇಳಿದ್ದು. ಅವರ ಸ್ಟೀಲ್ ತಟ್ಟೆಯನ್ನು ದೊಡ್ಡಮ್ಮ ದನದ ಕೊಟ್ಟಿಗೆಯ ಗೂಡಿನಲ್ಲಿ ಬೇರೆ ಇಟ್ಟಿದ್ದರು. ಮೇಲಿನಿಂದ ಅನ್ನ ಹಾಕುತ್ತಿದ್ದರು. "ಹಾಗಾದರೆ ತಟ್ಟೆ ಒಳಗೇ ಇಡಬಹುದಿತ್ತೇ?" ಎಂದು ಕೇಳಿದರು. ಹೌದು ಎನ್ನಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಸರ್ಕಾರದಿಂದ ಉಚಿತವಾಗಿ ಸಿಗತೊಡಗಿದ್ದು 2004ರ ಏಪ್ರಿಲ್‌ನಲ್ಲಿ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ತಪ್ಪದೆ ನುಂಗಿದರೆ ವೈರಾಣು ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಆ ಮಟ್ಟದಲ್ಲೇ ಇರುವಷ್ಟು ಕಾಲ ಸಂಗಾತಿಗೆ ಲೈಂಗಿಕವಾಗಿ ಹರಡುವುದಿಲ್ಲ. ಇದನ್ನೆಲ್ಲ ಹೇಳುತ್ತಲೇ ಹೋದೆ. ದೊಡ್ಡಮ್ಮ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಅವರನ್ನು ದೂರುವ ಮನಸ್ಸು ಯಾರಿಗೂ ಬರಲಿಲ್ಲ. ಆ ಕಾಲದಲ್ಲಿ ಅವರಿಗೆ ಹೇಳಿದವರಾದರೂ ಯಾರಿದ್ದರು?

ಅಣ್ಣ ಮೆಲ್ಲಗೆ, "ನಮ್ಮ ಊರಿನವರು ಯಾರಾದರೂ ಬರುತ್ತಾರೆಯೇ?" ಎಂದ. ಈ ಪ್ರಶ್ನೆ ಬಂದೇ ಬರುತ್ತದೆ. ನಾನು ನಕ್ಕು, "ಇವತ್ತು ಅವರ ಹೆಸರು ನಿನಗೆ ಹೇಳಿದರೆ, ನಾಳೆ ನಿನ್ನ ಹೆಸರು ಅವರಿಗೆ ಹೇಳುತ್ತೇನೆ. ಆಗಬಹುದೇ?" ಎಂದೆ. 2017ರ ಎಚ್‌ಐವಿ ಕಾಯ್ದೆಯೂ ಒಪ್ಪಿಗೆಯಿಲ್ಲದೆ ಬಾಯಿಬಿಡಬೇಡಿ ಎನ್ನುತ್ತದೆ. ಆದರೆ ಹಿದುಕಿದ ಬೇಳೆಯ ಮುಂದೆ ಕಾಯ್ದೆ ಯಾರಿಗೆ ಬೇಕು? ಅಣ್ಣ ಮತ್ತೆ ಕೇಳಲಿಲ್ಲ. ನೇರವಾಗಿ ಕೇಳಲು ಸಂಕೋಚವಾದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ದುಡ್ಡಿಲ್ಲ, ಹೆಸರೂ ಹೇಳಬೇಕಿಲ್ಲ ಎಂದು ಮಾತು ಮುಗಿಸಿ ಸಾರಿಗೆ ಕಾಯಿ ತುರಿಯಲು ಎದ್ದೆ.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ, ಅಂದು ಕುಳಿತಿದ್ದವರಲ್ಲಿ ಒಬ್ಬರು ಬೆಳಿಗ್ಗೆ ಏಳಕ್ಕೇ ಕರೆ ಮಾಡಿದರು. ಯಾರೆಂದು ಇಲ್ಲಿಯೂ ಬರೆಯುವುದಿಲ್ಲ. "ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೇ?"

"ಬೇಡ, ತಿಂಡಿ ತಿಂದೇ ಬನ್ನಿ" ಎಂದೆ.