ಲೆನ್ಸಿಗೆ ಮಂಜು, ಮಿಂಚುಳ್ಳಿ ಮಾಯ

ಗೋವಾದ ವಾಸ್ಕೋದಲ್ಲಿದ್ದು ಆರು ವರ್ಷವಾದರೂ ಸಲೀಂ ಅಲಿ ಪಕ್ಷಿಧಾಮ ನೋಡಿರಲಿಲ್ಲ. ಮೇ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಬೇಗ ಎದ್ದು ರಿಬಂದರ್‌ನಿಂದ ಫೆರ್ರಿ ಹತ್ತಿ ಚೋರಾವೊ ದ್ವೀಪಕ್ಕೆ ಹೋದೆವು. ಕಾರಿನಲ್ಲಿ ದಾರಿಯುದ್ದಕ್ಕೂ ಏಸಿ.

ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಮೇಲೆ ನೀಲಿ ಬೆನ್ನು, ಬಿಳಿ ಕೊರಳಿನ ಮಿಂಚುಳ್ಳಿ ಕೂತಿತ್ತು. ಕ್ಯಾಮೆರಾ ಎತ್ತಿದರೆ ಎಲ್ಲಾ ಹಾಲು ಹಾಲು! ಒರೆಸಿದೆ, ಮತ್ತೆ ಮಂಜು. ಮತ್ತೆ ಒರೆಸಿದೆ. ಅಷ್ಟರಲ್ಲಿ ಹಕ್ಕಿ ಹಾರಿಹೋಯಿತು. ಲೆನ್ಸ್ ಕೆಟ್ಟಿತು ಅಂತಲೇ ಅಂದುಕೊಂಡೆ.

ಕೆಟ್ಟಿರಲಿಲ್ಲ. ಫ್ರಿಜ್ಜಿನಿಂದ ತೆಗೆದ ಮಜ್ಜಿಗೆ ಲೋಟ ಹೊರಗೆ ಬೆವರುತ್ತದಲ್ವಾ, ಅದೇ ಕಥೆ. ತಣ್ಣಗಿನ ಗಾಜಿಗೆ ಕರಾವಳಿಯ ಒದ್ದೆ ಗಾಳಿ ತಾಗಿದರೆ ನೀರು ಕೂರುತ್ತದೆ. ಗಾಜು ಬೆಚ್ಚಗಾಗುವ ತನಕ ಒರೆಸುವುದು ಸುಮ್ನೆ ದಂಡ.

ಈಗ ಕ್ಯಾಮೆರಾವನ್ನು ಮನೆಯಲ್ಲೇ ಜಿಪ್ ಕವರಿಗೆ ಹಾಕಿ, ಗಾಳಿ ಹೊರಹಾಕಿ ಮುಚ್ಚುತ್ತೇನೆ. ಫೆರ್ರಿಗೆ ಅರ್ಧ ಗಂಟೆ ಮುಂಚೆಯೇ ಏಸಿ ಬಂದ್, ಕಿಟಕಿ ಓಪನ್. ಹೆಂಡತಿ ಗೊಣಗುತ್ತಾಳೆ. ತೇವ ಕವರಿನ ಹೊರಗೇ ಕೂರುತ್ತದೆ. ಲೆನ್ಸ್ ಬೆಚ್ಚಗಾದ ಮೇಲೆ ಕವರ್ ಬಿಚ್ಚುತ್ತೇನೆ.

ಮುಂದಿನ ವಾರ ಅದೇ ಬೇರು. ಮಿಂಚುಳ್ಳಿಯ ಕೊಕ್ಕಿನಲ್ಲಿ ಏಡಿ, ಅದರ ಒಂದೊಂದು ಕಾಲೂ ಎಣಿಸುವಷ್ಟು ಸ್ಪಷ್ಟ.