ಬೇರೆ ವಲಯದ ಡಿವಿಡಿ: ‘ಓಕೆ’ ಒತ್ತುವ ಮುನ್ನ

ಹೊರದೇಶದಲ್ಲಿ ನೆಲೆಸಿದವರ ಬಳಿ ತಾಯ್ನಾಡಿನಿಂದ ತಂದ ಡಿವಿಡಿಗಳೂ ಇರುತ್ತವೆ, ಅಲ್ಲಿಯೇ ಕೊಂಡವೂ ಇರುತ್ತವೆ. ಡಿವಿಡಿಗಳನ್ನು ಮಾರುವ ಪ್ರದೇಶಕ್ಕೆ ತಕ್ಕಂತೆ ‘ವಲಯ’ (ರೀಜನ್) ಎಂಬ ಅಂಕಿಯಿಂದ ಗುರುತಿಸಿರುತ್ತಾರೆ; ಡಿಸ್ಕನ್ನು ಓದುವ ಡ್ರೈವಿನ ವಲಯ ಅದಕ್ಕೆ ಹೊಂದದಿದ್ದರೆ ಸಾಮಾನ್ಯವಾಗಿ ಚಿತ್ರ ಓಡುವುದಿಲ್ಲ. ಎರಡನ್ನೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ನೋಡಲು ಹೊರಟು, ಪರದೆಯ ಮೇಲೆ ಮೂಡಿದ ಸಂದೇಶವನ್ನು ಓದದೆಯೇ ‘ಓಕೆ’ ಒತ್ತುತ್ತ ಹೋಗಿ, ಕೊನೆಗೆ ಡ್ರೈವನ್ನು ಬೇಡದ ವಲಯಕ್ಕೆ ಶಾಶ್ವತವಾಗಿ ಕಟ್ಟಿಹಾಕಿಕೊಂಡ ಹಲವರನ್ನು ಕಂಡಿದ್ದೇನೆ.

ಮೊದಲು ಡಿಸ್ಕಿನ ಡಬ್ಬಿಯ ಹಿಂಬದಿಯನ್ನು ನೋಡಿ. ಭೂಗೋಳದ ಚಿತ್ರದೊಳಗೆ ಅಚ್ಚಾಗಿರುವ ಅಂಕಿಯೇ ಅದರ ವಲಯ. ಅಮೆರಿಕ ಮತ್ತು ಕೆನಡಾ 1, ಯುರೋಪಿನ ಬಹುಭಾಗ ಮತ್ತು ಜಪಾನ್ 2, ಆಸ್ಟ್ರೇಲಿಯಾ ಮತ್ತು ಲ್ಯಾಟಿನ್ ಅಮೆರಿಕ 4, ಭಾರತ ಮತ್ತು ರಷ್ಯಾ 5, ಚೀನಾ 6. ‘0’ ಅಥವಾ ‘ಆಲ್’ ಎಂದಿದ್ದರೆ ಎಲ್ಲೆಡೆಯೂ ಓಡುತ್ತದೆ. ಅಂಥ ಡಿಸ್ಕ್ ಇರುವವರಿಗೆ ಈ ಲೇಖನದ ಅಗತ್ಯವಿಲ್ಲ. ಪಾಲ್, ಎನ್‌ಟಿಎಸ್‌ಸಿ ಎಂಬ ಟಿವಿ ಚಿತ್ರದ ಮಾದರಿಗಳ ಭೇದ ಹಳೆಯ ಟಿವಿಗಳ ತಲೆನೋವು, ಲ್ಯಾಪ್‌ಟಾಪ್ ಎರಡನ್ನೂ ತೋರಿಸುತ್ತದೆ.

ಎರಡನೆಯದಾಗಿ ವಿಎಲ್‌ಸಿ ಪ್ಲೇಯರನ್ನು ಹಾಕಿಕೊಳ್ಳಿ. ಅದು ಸಾಮಾನ್ಯವಾಗಿ ಡ್ರೈವಿನ ವಲಯವನ್ನು ಲೆಕ್ಕಿಸದೆ ಡಿಸ್ಕನ್ನು ತೋರಿಸುತ್ತದೆ. ಅದು ಉಚಿತ, ಅದನ್ನು ರೂಪಿಸಿದ ವಿಡಿಯೊಲ್ಯಾನ್ ತಾಣದಿಂದಲೇ ಇಳಿಸಿಕೊಳ್ಳಿ. ಲಿನಕ್ಸ್ ಬಳಸುವವರು ಸಾಮಾನ್ಯವಾಗಿ ಲಿಬ್‌ಡಿವಿಡಿಸಿಎಸ್‌ಎಸ್ ಎಂಬ ಲೈಬ್ರರಿಯನ್ನು (ಪ್ಲೇಯರಿಗೆ ನೆರವಾಗುವ ತಂತ್ರಾಂಶದ ತುಣುಕು) ಪ್ರತ್ಯೇಕವಾಗಿ ಸೇರಿಸಬೇಕಾಗುತ್ತದೆ. ಈ ಲೈಬ್ರರಿ ಡಿಸ್ಕಿನ ಗೂಢಲಿಪಿಯನ್ನು ತಾನೇ ಬಿಡಿಸುವುದರಿಂದ ಕೆಲವು ದೇಶಗಳಲ್ಲಿ ಅದರ ಬಳಕೆಗೆ ಕಾನೂನಿನ ತೊಡಕಿದೆ. ನೀವಿರುವ ದೇಶದ ನಿಯಮವನ್ನು ತಿಳಿದುಕೊಂಡು ಮುಂದುವರಿಯಿರಿ.

ಎಡವುವುದು ಇದರ ನಂತರದ ಹಂತದಲ್ಲಿ. ಡಿಸ್ಕ್ ಹಾಕಿದೊಡನೆ ಬೇರೊಂದು ಪ್ಲೇಯರ್ ತಾನಾಗಿ ತೆರೆದುಕೊಂಡು, ‘ಡ್ರೈವಿನ ವಲಯವನ್ನು ಬದಲಿಸಬೇಕೆ?’ ಎಂದು ಕೇಳಬಹುದು. ಇದು ಆ ತಂತ್ರಾಂಶದ ಯಾವುದೋ ಸೆಟಿಂಗ್ ಎಂದು ಬಹುತೇಕರು ಭಾವಿಸುತ್ತಾರೆ. ಆದರೆ 2000ನೇ ಇಸವಿಯಿಂದೀಚೆಗಿನ ಡ್ರೈವ್‌ಗಳಲ್ಲಿ ವಲಯದ ಸಂಖ್ಯೆಯೂ ಅದನ್ನು ಬದಲಿಸಿದ ಲೆಕ್ಕವೂ ಡ್ರೈವಿನೊಳಗೇ ದಾಖಲಾಗುತ್ತವೆ. ಬಳಕೆದಾರರಿಗೆ ಸಿಗುವ ಅವಕಾಶ ಐದೇ ಬಾರಿ. ಅವು ಮುಗಿದ ಮೇಲೆ ಕೊನೆಯದಾಗಿ ಆರಿಸಿದ ವಲಯವೇ ಉಳಿದುಬಿಡುತ್ತದೆ. ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿದರೂ, ಹಾರ್ಡ್ ಡಿಸ್ಕನ್ನೇ ಬದಲಿಸಿದರೂ ಆ ಲೆಕ್ಕ ಅಳಿಸುವುದಿಲ್ಲ. ಆದ್ದರಿಂದ ಆ ಪ್ರಶ್ನೆಗೆ ‘ಕ್ಯಾನ್ಸಲ್’ ಎಂದೇ ಉತ್ತರಿಸಿ, ಆ ಪ್ಲೇಯರನ್ನು ಮುಚ್ಚಿ, ಡಿಸ್ಕನ್ನು ವಿಎಲ್‌ಸಿಯಲ್ಲಿ ತೆರೆಯಿರಿ. ಎಷ್ಟು ಅವಕಾಶ ಉಳಿದಿದೆಯೆಂದು ತಿಳಿಯಲು ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಡಿವಿಡಿ ಡ್ರೈವಿನ ಪ್ರಾಪರ್ಟೀಸ್ ತೆರೆದು ‘ಡಿವಿಡಿ ರೀಜನ್’ ಭಾಗವನ್ನು ನೋಡಬಹುದು. ಸುಮ್ಮನೆ ನೋಡಿದರೆ ಎಣಿಕೆಯೇನೂ ಕಡಿಮೆಯಾಗುವುದಿಲ್ಲ.

ಹೆಚ್ಚಿನ ಡ್ರೈವ್‌ಗಳಲ್ಲಿ ಇಷ್ಟಕ್ಕೇ ಚಿತ್ರ ಓಡುತ್ತದೆ. ಆದರೆ ಕೆಲವು ಡ್ರೈವ್‌ಗಳು ಹಟಮಾರಿಗಳು: ವಲಯ ಹೊಂದದಿದ್ದರೆ ಡಿಸ್ಕಿನ ಕಚ್ಚಾ ದತ್ತಾಂಶವನ್ನೂ ಓದಗೊಡುವುದಿಲ್ಲವಾದ್ದರಿಂದ ವಿಎಲ್‌ಸಿಯೂ ಕೈಚೆಲ್ಲುತ್ತದೆ. ಆಗ ಹತಾಶರಾಗಿ ಹುಡುಕಾಡುವವರ ಕಣ್ಣಿಗೆ ‘ಎಲ್ಲ ವಲಯಗಳಿಂದ ಮುಕ್ತಿ’ ಎನ್ನುವ ಹಣದ ತಂತ್ರಾಂಶಗಳು ಬೀಳುತ್ತವೆ, ಅವನ್ನು ಕೊಳ್ಳಬೇಡಿ. ಡ್ರೈವಿನೊಳಗಿದ್ದು ಅದನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರನ್ನೇ ತಿದ್ದುವ ಉಪಾಯ ಇನ್ನೂ ಅಪಾಯಕಾರಿ. ಒಂದಕ್ಷರ ವ್ಯತ್ಯಾಸವಿರುವ ಮಾದರಿಯ ಫರ್ಮ್‌ವೇರ್ ಹಾಕಿದರೂ ಡ್ರೈವ್ ಕೆಲಸಕ್ಕೆ ಬಾರದ ವಸ್ತುವಾಗಬಹುದು.

ಯುಎಸ್‌ಬಿಗೆ ಜೋಡಿಸುವ ಎರಡನೆಯ ಡ್ರೈವನ್ನು ಕೊಂಡುಬಿಡಿ. ನನ್ನ ಖಚಿತ ಸಲಹೆ ಇದು. ವಲಯದ ಲೆಕ್ಕ ಪ್ರತಿ ಡ್ರೈವಿಗೂ ಬೇರೆಯಾದ್ದರಿಂದ ಒಂದನ್ನು ತಾಯ್ನಾಡಿನ ವಲಯಕ್ಕೆ, ಇನ್ನೊಂದನ್ನು ವಾಸದ ದೇಶದ ವಲಯಕ್ಕೆ ನಿಗದಿಪಡಿಸಿದರೆ ಯಾವ ಉಪಾಯವೂ ಬೇಕಾಗದು. ಹೊಸ ಡ್ರೈವನ್ನು ನೇರವಾಗಿ ಲ್ಯಾಪ್‌ಟಾಪಿಗೇ ಜೋಡಿಸಿ; ಅಗ್ಗದ ಹಬ್ ಮೂಲಕ ಜೋಡಿಸಿದರೆ ವಿದ್ಯುತ್ ಸಾಲದೆ ಡಿಸ್ಕ್ ತಿರುಗುತ್ತ ತಿರುಗುತ್ತ ನಿಂತುಬಿಡುವುದುಂಟು. ಆಯಾ ವಲಯದ ಡಿಸ್ಕನ್ನು ಒಳಗಿಟ್ಟು, ಮೇಲೆ ಹೇಳಿದ ‘ಡಿವಿಡಿ ರೀಜನ್’ ಭಾಗದಲ್ಲಿ ದೇಶವನ್ನು ಆರಿಸಿ, ಅಲ್ಲಿ ಕಾಣುವ ಅಂಕಿ ಡಬ್ಬಿಯ ಮೇಲಿನ ಅಂಕಿಯೇ ಹೌದೆಂದು ಎರಡು ಬಾರಿ ನೋಡಿ ‘ಓಕೆ’ ಒತ್ತಿ. ಡ್ರೈವಿನ ಬೆನ್ನಿಗೆ ಆ ಅಂಕಿ ಬರೆದ ಚೀಟಿಯೊಂದನ್ನು ಅಂಟಿಸಿ.