ಮಿಡತೆ ಕಟ್ಟುವ ಮುಂಚೆ ಅಂಟು ಮುರಿದು ನೋಡಿ

ಕ್ರಿಕೇ ಅಂದರೆ ಫ್ರೆಂಚಿನಲ್ಲಿ ಮಿಡತೆ. ಫ್ರಾನ್ಸಿನ ವಿಮಾನ ವಿನ್ಯಾಸಕ ಎಮಿಲಿಯಾನ್ ಕ್ರೋಸ್ ಅವರ ಇಸಿ-6 ಕ್ರಿಕೇ ಮೊದಲು ಹಾರಿದ್ದು 1965ರಲ್ಲಿ. ಮರದ ವಿಮಾನ, ಅಕ್ಕಪಕ್ಕ ಎರಡು ಸೀಟು, ಮುಂದೊಂದು ಹಿಂದೊಂದು ರೆಕ್ಕೆ. ಟುಲೂಸ್ ಹತ್ತಿರದ ಕೊಟ್ಟಿಗೆಯೊಂದರಲ್ಲಿ ನಿವೃತ್ತ ಬಡಗಿಯೊಬ್ಬರು ಇದನ್ನು ಕಟ್ಟುತ್ತಿದ್ದಾರೆ. ನಾನು ಅವರ ಶನಿವಾರದ ಕೈಯಾಳು.

ನಕ್ಷೆ ಬಂದ ದಿನವೇ ಒಳ್ಳೆ ಮರಕ್ಕೆ ಗರಗಸ ಹಾಕಬೇಡಿ. ಚೂರು ಮರದಲ್ಲಿ ಅಂಟು ಹಾಕುವುದನ್ನು ಕಲಿಯಿರಿ. ಸ್ಪ್ರೂಸ್ ಎಂಬ ಹಗುರ ಮರದ ತುಂಡೆರಡನ್ನು 1:12ರ ಓರೆಗೆ ಉಜ್ಜುಗೊರಡಿನಿಂದ ಹೆರೆಯಿರಿ: 10 ಮಿ.ಮೀ. ದಪ್ಪಕ್ಕೆ 120 ಮಿ.ಮೀ. ಓರೆ. ಹೆರೆದ ಮೈಯನ್ನು ಬೆರಳಲ್ಲಿ ಸವರಬೇಡಿ, ಕೈಯ ಜಿಡ್ಡು ಅಂಟಿಗೆ ಆಗದು. ಎಪಾಕ್ಸಿ ಅಂಟಿನ ಎರಡು ಭಾಗಗಳನ್ನು ತೂಗಿ ಬೆರೆಸಿ, ಎರಡೂ ಮೈಗೆ ಹಚ್ಚಿ, ಕ್ಲ್ಯಾಂಪನ್ನು ಹಿತವಾಗಿ ಬಿಗಿಯಿರಿ. ಮೊದಲ ಸಲ ನಾನು ಇದ್ದಬದ್ದ ಬಲವೆಲ್ಲ ಹಾಕಿ ತಿರುವಿದ್ದೆ. ಅಂಟೆಲ್ಲ ಹಿಂಡಿಕೊಂಡು ಮೇಜಿನ ಮೇಲೆ ಹರಿಯಿತು. ಮುಂದಿನ ವಾರ ವೈಸಿಗೆ ಕಚ್ಚಿಸಿ ಬಗ್ಗಿಸಿದರೆ ಟಕ್ ಅಂತ ಬಿಟ್ಟುಕೊಂಡಿತು. ಬಿಟ್ಟ ಮೈ ಗಾಜಿನಷ್ಟು ನುಣುಪು, ಒಂದು ನಾರೂ ಎದ್ದಿರಲಿಲ್ಲ. ಯಜಮಾನರು ಮಾತಾಡದೆ ಅದನ್ನು ಒಲೆಗೆ ಎಸೆದರು. ಮರವೇ ಹರಿದು ನಾರು ಎದ್ದರೆ ಮಾತ್ರ ಪಾಸು. ಅಂಟು ಕಲಸಿದಾಗಲೆಲ್ಲ ಒಂದು ಸ್ಯಾಂಪಲ್ ಮಾಡಿ, ತಾರೀಖು ಬರೆದಿಟ್ಟು, ಆಮೇಲೆ ಮುರಿಯಿರಿ.

ಈ ವಿಮಾನಕ್ಕೆ ರೆಕ್ಕೆ ವಾಲಿಸುವ ಏಲಿರಾನೂ ಇಲ್ಲ, ಮೂತಿ ಏರಿಳಿಸುವ ಎಲಿವೇಟರೂ ಇಲ್ಲ. ಚಾಲಕನ ಕೈಯ ಕೋಲು ಹಿಂದಕ್ಕೆಳೆದರೆ ಮುಂದಿನ ರೆಕ್ಕೆಯೇ ಇಡಿಯಾಗಿ ಮೂತಿ ಎತ್ತುತ್ತದೆ. ಪಕ್ಕಕ್ಕೆ ವಾಲಿಸಿದರೆ ಬಾಲದ ಚುಕ್ಕಾಣಿ, ಅಂದರೆ ರಡ್ಡರ್, ತಿರುಗುತ್ತದೆ. ಹಾಗಾಗಿ ಮುಂದಿನ ರೆಕ್ಕೆಯ ಕೀಲು ಸಡಿಲ ಇರಕೂಡದು. ಒಬ್ಬರು ಕೋಲು ಗಟ್ಟಿಯಾಗಿ ಹಿಡಿದಿರಲಿ, ಇನ್ನೊಬ್ಬರು ರೆಕ್ಕೆಯ ಹಿಂದಂಚನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ ನೋಡಲಿ. ಕಟಕಟ ಅಂದರೆ ಬೋಲ್ಟ್ ಬಿಚ್ಚಿ, ಅದು ಕೂರುವ ಕೊಳವೆ, ಅಂದರೆ ಬುಷ್, ಸವೆದಿದೆಯೇ ನೋಡಿ.

ಎರಡು ರೆಕ್ಕೆಗಳ ನಡುವಿನ ಸಂದಿನಲ್ಲಿ ನಿಮ್ಮ ಬುದ್ಧಿವಂತಿಕೆ ಬೇಡವೇ ಬೇಡ. ಇದರ ಮುತ್ತಜ್ಜ, ಆನ್ರಿ ಮಿನ್ಯೆ 1933ರಲ್ಲಿ ಹಾರಿಸಿದ ‘ಆಕಾಶದ ಹೇನು’, ಮೂತಿ ತಗ್ಗಿದಾಗ ಕೋಲು ಎಳೆದರೂ ಏಳದೆ ಜನರನ್ನು ಕೊಂದಿತ್ತು. ಮುಂದಿನ ರೆಕ್ಕೆಯ ಹಿಂದಂಚು ಹಿಂದಿನ ರೆಕ್ಕೆಗೆ ತೀರಾ ಸಮೀಪ ಬಂದು, ಸಂದಿನಲ್ಲಿ ನುಗ್ಗಿದ ಗಾಳಿ ಹಿಂದಿನ ರೆಕ್ಕೆಯನ್ನೇ ಮೇಲೆತ್ತುತ್ತಿತ್ತು, ಮೂತಿ ಕೆಳಗೇ ಉಳಿಯುತ್ತಿತ್ತು. 1936ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋ ಮತ್ತು ಫ್ರಾನ್ಸಿನ ಶಾಲೆ-ಮೂದೊನ್‌ನ ಗಾಳಿ ಸುರಂಗಗಳಲ್ಲಿ ಇದು ಬಯಲಾಯಿತು. ಕೋಲನ್ನು ಪೂರ್ತಿ ಹಿಂದೆ, ಪೂರ್ತಿ ಮುಂದೆ ಇಟ್ಟು ಸಂದನ್ನು ಎರಡು ಸಲ ಅಳೆಯಿರಿ.

ಕೊನೆಗೆ, ಭಾರದ ಸಮತೋಲ ನೋಡಲು ವಿಮಾನವನ್ನು ತೂಗುವಾಗ ಮೂರು ಚಕ್ರಕ್ಕೆ ಮೂರು ತಕ್ಕಡಿ, ಬಾಲ ಎತ್ತಿ ವಿಮಾನ ಮಟ್ಟವಾಗಿರಲಿ. ಒಮ್ಮೆ ಖಾಲಿ, ಒಮ್ಮೆ ಒಬ್ಬರು, ಒಮ್ಮೆ ಇಬ್ಬರು. ನಮ್ಮ ಸರದಿ ಬಂದಾಗ ಊಟ ಮುಗಿಸಿಯೇ ಕೂರುತ್ತೇನೆ ಅಂದಿದ್ದೇನೆ. ಯಜಮಾನರು ಒಪ್ಪಿ, ಬೂಟೂ ಹಾಕಿಕೋ ಅಂದರು.